ನೀರಿಗೆ ನಿಲ್ಲದ ಇಂಕು

ಜಂಗಮಕೋಟೆ ಕಡೆಯ ಒಬ್ಬ ತಾಯಿಗೆ, ತೀರಿಹೋದ ಮಗಳದು ಅಂತ ಇದ್ದದ್ದು ಒಂದೇ ಒಂದು ಫೋಟೋ. ಅದನ್ನು ತೆಗೆದವಳು ನಾನು, ಪ್ರಿಂಟ್ ಮಾಡಿ ಕೊಟ್ಟವಳೂ ನಾನು. ಅದು ಅವಳ ಮನೆಯ ಗೋಡೆಯ ಮೇಲೆ ಉಳಿಯದೆ ಹೋದದ್ದಕ್ಕೆ ಕಾರಣ ನನ್ನ ಪ್ರಿಂಟರು, ಅದಕ್ಕೆ ನಾನು ತುಂಬಿದ ಇಂಕು, ಮತ್ತು ನನ್ನ ಬಾಯಿಂದ ಬಂದ ಒಂದು ಮಾತು. ಪ್ರಿಂಟರನ್ನೂ ಇಂಕನ್ನೂ ಬಾಯಿಗೆ ಬಂದ ಹಾಗೆ ಬೈದು ಎಷ್ಟೋ ದಿನ ಕಳೆದಿದ್ದೇನೆ. ಮಾತು ಮಾತ್ರ ನನ್ನದೇ, ಅದನ್ನು ಯಾರ ತಲೆಗೂ ಕಟ್ಟಲು ಆಗಲಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಅಪ್ಪ ಶುರು ಮಾಡಿದ್ದು. ಅಪ್ಪನ ಕಣ್ಣಿಗೆ ಪೊರೆ ಬಂದು ಫೋಕಸ್ ತಪ್ಪತೊಡಗಿದ ಮೇಲೆ ಕ್ಯಾಮೆರಾ ನನ್ನ ಕೈಗೆ ಬಂತು. ಹೆಣ್ಣು ಮಗಳು ಫೋಟೋ ತೆಗೆಯುತ್ತಾಳೆ ಎಂಬ ಸುದ್ದಿ ಹರಡಿ, ರೇಷ್ಮೆ ಬಿಚ್ಚುವ ಮನೆಗಳ ಹೆಂಗಸರು, ಬುರ್ಖಾದ ಮುಸುಕು ಸರಿಸಿ ರೇಷನ್ ಕಾರ್ಡಿಗೆ ಫೋಟೋ ಕೊಡಬೇಕಾದವರು, ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ಬೇಕಾದ ಹುಡುಗಿಯರು ಎಲ್ಲ ನಮ್ಮಲ್ಲಿಗೇ ಬರುತ್ತಿದ್ದರು. ಅಪ್ಪ ಒಳಗಿನ ಕುರ್ಚಿಯಲ್ಲಿ ಕೂತು, ಬಂದವರ ದನಿಯಲ್ಲೇ ಗುರುತು ಹಿಡಿದು, "ನಿಮ್ಮ ನೆಗೆಟಿವ್ ಇದೆಯಮ್ಮ, ಎಷ್ಟು ಕಾಪಿ ಬೇಕು" ಅನ್ನುತ್ತಿದ್ದರು. ಇಪ್ಪತ್ತೈದು ವರ್ಷದ ನೆಗೆಟಿವ್‌ಗಳನ್ನು ತೆಳು ಕಾಗದದ ಚೀಲಗಳಲ್ಲಿ ಹಾಕಿ, ನಂಬರ್ ಬರೆದು, ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿ ಜೋಡಿಸಿಟ್ಟಿದ್ದರು. ಒಂದನ್ನೂ ಎಸೆದವರಲ್ಲ. ಯಾರಾದರೂ ತೀರಿಕೊಂಡು ಅವರ ಮನೆಯವರು ಹಳೇ ಫೋಟೋ ಕೇಳಿಕೊಂಡು ಬಂದಾಗ ಅಪ್ಪ ಡಬ್ಬ ತೆಗೆಯುವ ಗತ್ತು ನೋಡಬೇಕಿತ್ತು. ನನಗೋ ಆ ಡಬ್ಬಗಳನ್ನು ಕಂಡರೆ ಆಗುತ್ತಿರಲಿಲ್ಲ. ಅರ್ಧ ಗೋಡೆ ಅವುಗಳಿಗೇ ಹೋಗಿತ್ತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾವು ಇನ್ನೂ ರೋಲು ತುಂಬುವವರೆಗೆ ಕಾದು, ಬೆಂಗಳೂರಿನ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಿ, ವಾರದ ಮೇಲೆ ಫೋಟೋ ಕೊಡುತ್ತಿದ್ದೆವು. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಸ್ಟುಡಿಯೋದವನು ಡಿಜಿಟಲ್ ಕ್ಯಾಮೆರಾ ತಂದು, ಅರ್ಧ ಗಂಟೆಯಲ್ಲಿ ಫೋಟೋ ಅಂತ ಬೋರ್ಡು ಬರೆಸಿದ. ನಮ್ಮ ಬಾಗಿಲಿನ ಮುಂದೆಯೇ ಜನ ಅತ್ತ ನಡೆದು ಹೋಗುವುದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಕ್ಯಾಮೆರಾ ಕೊಂಡೆ, ಕಂಪ್ಯೂಟರ್ ಕೊಂಡೆ. ಇನ್ನು ಉಳಿದದ್ದು ಪ್ರಿಂಟರು.

ಚಿಕ್ಕಬಳ್ಳಾಪುರದ ಅಂಗಡಿಯವನು ಮೂರು ಪ್ರಿಂಟರುಗಳನ್ನು ಮುಂದಿಟ್ಟ. ಒಂದರ ಬೆಲೆ ಕೇಳಿ ನನಗೇ ಆಶ್ಚರ್ಯ, ಅಷ್ಟು ಅಗ್ಗ. ಆಮೇಲೆ ಅದರ ಕಾರ್ಟ್ರಿಜ್ ಬೆಲೆ ಕೇಳಿದೆ. ಎರಡು ಸಲ ಇಂಕು ಹಾಕಿಸುವ ದುಡ್ಡಿಗೆ ಇನ್ನೊಂದು ಪ್ರಿಂಟರೇ ಬರುತ್ತಿತ್ತು. ಸಾಲದ್ದಕ್ಕೆ ಮೂರು ಬಣ್ಣವೂ ಒಂದೇ ಡಬ್ಬಿಯಲ್ಲಿ. ನಮ್ಮೂರಿನ ಫೋಟೋಗಳಲ್ಲಿ ಖರ್ಚಾಗುವುದೆಲ್ಲ ಕೆಂಪು, ಹಳದಿ. ಅವು ಮುಗಿದರೆ ಇನ್ನೂ ಅರ್ಧ ಇರುವ ನೀಲಿಯ ಸಮೇತ ಎಸೆಯಬೇಕು. "ಇದೆಂಥ ನ್ಯಾಯ" ಅಂದೆ. ಅಂಗಡಿಯವನು, "ಕಂಪನಿಯೋರು ಪ್ರಿಂಟರ್ ಮಾರಲ್ಲ ಮೇಡಂ, ಇಂಕು ಮಾರ್ತಾರೆ" ಅಂತ ನಕ್ಕ. ಆರು ಬಣ್ಣದ್ದೊಂದಿತ್ತು, ಅದರಲ್ಲಿ ಚರ್ಮದ ಬಣ್ಣ ಎಷ್ಟು ನಯವಾಗಿ ಬರುತ್ತಿತ್ತೆಂದರೆ ನೋಡುತ್ತಾ ನಿಂತುಬಿಟ್ಟೆ. ಆದರೆ ಆರು ಹೊಟ್ಟೆಗಳನ್ನು ತುಂಬಿಸುವ ಶಕ್ತಿ ನನಗಿರಲಿಲ್ಲ. ಕೊನೆಗೆ ನಾಲ್ಕು ಬಣ್ಣಕ್ಕೆ ನಾಲ್ಕು ಬೇರೆ ಬೇರೆ ಡಬ್ಬಿ ಇರುವ, ಹೊರಗಿನ ಇಂಕು ತುಂಬಿದರೂ ತಕರಾರು ಮಾಡದ ಮೂರನೆಯದನ್ನು ಆರಿಸಿದೆ. ಆ ದಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಊರಿಗೆ ಬಂದೆ, ದೊಡ್ಡ ಬುದ್ಧಿವಂತಿಕೆ ಮಾಡಿದೆ ಎಂಬ ಜಂಬದಲ್ಲಿ.

ಆ ಹಾಳು ಮಷೀನಿಗೆ ಇಂಕಿನ ಹೊಟ್ಟೆಬಾಕತನ ಎಷ್ಟು ಅಂತ ತಿಳಿದದ್ದು ಮೊದಲ ತಿಂಗಳಲ್ಲಿ. ಜೊತೆಗೆ ಬಂದ ಕಾರ್ಟ್ರಿಜ್‌ಗಳು ಅರ್ಧ ಮಾತ್ರ ತುಂಬಿದ್ದವು, ಎರಡು ವಾರಕ್ಕೇ ಖಾಲಿ. ಪ್ಲಗ್ಗಿನಲ್ಲಿ ಸ್ವಿಚ್ ಆರಿಸಿ ಹಾಕಿದರೆ ಪ್ರತಿ ಸಲವೂ ಗುರ್ ಅಂತ ತನ್ನ ಬಾಯಿ ತಾನೇ ತೊಳೆದುಕೊಂಡು ಒಂದಿಷ್ಟು ಇಂಕು ಕುಡಿಯುತ್ತಿತ್ತು. ಬೇಸಿಗೆಯಲ್ಲಿ ಮೂರು ದಿನ ಸುಮ್ಮನಿಟ್ಟರೆ ಇಂಕು ಉಗುಳುವ ಹೆಡ್ಡು ಒಣಗಿ ಫೋಟೋದಲ್ಲಿ ಮುಖದ ಮೇಲೆ ಬಿಳಿ ಗೆರೆ. ಅದನ್ನು ಬಿಡಿಸಲು ಮತ್ತೆ ಇಂಕು. ನಾನೂ ಹಟಕ್ಕೆ ಬಿದ್ದೆ. ಪ್ರಿಂಟರಿನ ಗುಂಡಿ ಒತ್ತಿಯೇ ಆರಿಸುವುದು, ಪ್ಲಗ್ ಮುಟ್ಟುವುದಿಲ್ಲ. ದಿನಕ್ಕೊಂದು ಸಣ್ಣ ಚೂರಿನಲ್ಲಾದರೂ ನಾಲ್ಕು ಬಣ್ಣ ಓಡಿಸುವುದು. ಪಾಸ್‌ಪೋರ್ಟ್ ಸೈಜು ಒಬ್ಬರಿಗೆ ಬೇಕಾದರೆ ಇನ್ನೂ ಮೂವರು ಬರುವವರೆಗೆ ಕಾದು, ಒಂದೇ ಹಾಳೆಯಲ್ಲಿ ಎಲ್ಲರನ್ನೂ ಕೂರಿಸುವುದು. ಎಲ್ಲಕ್ಕಿಂತ ದೊಡ್ಡ ಉಳಿತಾಯ ಅಂತ ನಾನು ಕಂಡುಕೊಂಡದ್ದು ಬೇರೆ. ನಮ್ಮ ಕಡೆ ಜನ ಫೋಟೋ ತೆಗೆಸಿಕೊಂಡು ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ, ಕೆಲವರು ಬರುವುದೇ ಇಲ್ಲ. ಅಪ್ಪನ ಕಾಲದಲ್ಲಿ ಅಂಥ ಫೋಟೋಗಳು ಒಂದು ಡ್ರಾಯರ್ ತುಂಬ ಬಿದ್ದಿದ್ದವು. ನಾನು ಗಿರಾಕಿ ಮತ್ತೆ ಬಂದು ಎದುರಿಗೆ ನಿಂತ ಮೇಲೆಯೇ ಪ್ರಿಂಟ್ ಹಾಕುವುದು ಅಂತ ಮಾಡಿದೆ. ಅವರು ಫೋಟೋ ತೆಗೆದುಕೊಂಡು ಹೋದ ಮೇಲೆ ಅದನ್ನು ಕಂಪ್ಯೂಟರಿನಲ್ಲಿ "ಕೊಟ್ಟಾಯಿತು" ಅನ್ನುವ ಒಂದು ಫೋಲ್ಡರಿಗೆ ತಳ್ಳುತ್ತಿದ್ದೆ. ಜಾಗ ಕಡಿಮೆಯಾದಾಗ ಆ ಫೋಲ್ಡರ್ ಖಾಲಿ ಮಾಡುತ್ತಿದ್ದೆ.

ಅಪ್ಪ ಕೇಳಿದರು. "ಏಮ್ಮಾ, ಈಗ ತೆಗಿಯೋದಕ್ಕೆಲ್ಲ ನೆಗೆಟಿವ್ ಎಲ್ಲಿಡ್ತೀಯಾ?"

"ಇದಕ್ಕೆ ನೆಗೆಟಿವ್ ಇರಲ್ಲಪ್ಪ."

"ಮತ್ತೆ ಯಾರಾದ್ರೂ ತಿರುಗಿ ಕೇಳಿದ್ರೆ?"

"ಯಾರು ಕೇಳ್ತಾರೆ ಬಿಡಪ್ಪ" ಅಂದೆ.

ಇಂಕಿಗೆ ನಾನು ಚಿಂತಾಮಣಿಗೆ ಹೋಗುತ್ತಿದ್ದೆ. ಅಲ್ಲಿ ಹಳೇ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ ಒಬ್ಬ ಸಾಬರು ಈಗ ಕಾರ್ಟ್ರಿಜ್ ತುಂಬುವ ಕೆಲಸ ಹಿಡಿದಿದ್ದರು. ಬಾಟಲಿ ಇಂಕು, ಸೂಜಿ ಸಿರಿಂಜು ಮನೆಗೇ ಕೊಡುತ್ತಿದ್ದರು, ಕಂಪನಿ ಇಂಕಿನ ಹತ್ತರಲ್ಲಿ ಒಂದು ಪಾಲು ಬೆಲೆ. ಮೊದಲ ದಿನವೇ ಅವರು ಮುಚ್ಚುಮರೆ ಇಲ್ಲದೆ ಹೇಳಿದ್ದರು. "ಸುನೋ ಬೆಹೆನ್, ಇದು ಡೈ ಇಂಕು. ನೋಡಕ್ಕೆ ಚೆನ್ನಾಗಿ ಬರ್ತದೆ, ನೀರಿಗೆ ನಿಲ್ಲಲ್ಲ. ನೀರಿಗೆ ನಿಲ್ಲೋದು ಪಿಗ್ಮೆಂಟ್ ಅಂತ ಬೇರೆ ಇದೆ, ಅದಕ್ಕೆ ನಾಲ್ಕು ಪಟ್ಟು ರೇಟು. ಇದನ್ನ ಹಾಕ್ಕೊಂಡ್ರೆ ಗಿರಾಕಿಗೆ ಹೇಳಿ ಕೊಡಿ. ಗಾಜು ಹಾಕ್ಸು ಅನ್ನಿ, ಇಲ್ಲಾಂದ್ರೆ ಲ್ಯಾಮಿನೇಷನ್ ಮಾಡ್ಕೊಡಿ."

ಆಯಿತು ಅಂದೆ. ಊರಿಗೆ ಬಂದು ಒಬ್ಬರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಕಂಪ್ಯೂಟರ್ ಫೋಟೋ ಬಾಳಿಕೆ ಬರಲ್ಲವಂತೆ ಅಂತ ಜನ ಆಗಲೇ ಗುಸುಗುಸು ಅನ್ನುತ್ತಿದ್ದರು. ನಾನು ಎಲ್ಲರಿಗೂ "ಲ್ಯಾಬಿನ ಫೋಟೋಗೂ ಇದಕ್ಕೂ ಒಂದು ಕೂದಲೆಳೆ ವ್ಯತ್ಯಾಸ ತೋರಿಸಿ" ಅಂತ ಸವಾಲು ಹಾಕುತ್ತಾ ಬಂದಿದ್ದೆ. ಹೇಳಿ ಹೇಳಿ ನನಗೂ ಅದು ನಿಜವೇ ಅನ್ನಿಸತೊಡಗಿತ್ತು.

ಆ ತಾಯಿ ಮೊದಲ ಸಲ ಬಂದದ್ದು ಗೂಡಿಗೆ ಒಳ್ಳೆಯ ರೇಟು ಸಿಕ್ಕಿದ ಒಂದು ದಿನ. ಗಂಡ ಮಾರುಕಟ್ಟೆಯಲ್ಲಿ ದುಡ್ಡಿಗೆ ಕಾಯುತ್ತಿದ್ದ. ಇವಳು ಮಗಳನ್ನು ಎತ್ತಿಕೊಂಡು ನಮ್ಮ ಮೆಟ್ಟಿಲು ಹತ್ತಿದಳು. ನಾಲ್ಕು ವರ್ಷದ ಹುಡುಗಿ. ಎಣ್ಣೆ ಹಚ್ಚಿ ಬಾಚಿದ ತಲೆ, ಹೊಸ ಬಿಳಿ ಫ್ರಾಕು. ಹುಟ್ಟಿದ ಮೇಲೆ ಒಂದು ಫೋಟೋನೂ ತೆಗೆಸಿಲ್ಲ, ಹುಳದ ಮನೆ ಬಿಟ್ಟು ಬರೋಕ್ಕಾಗಲ್ಲ ಅಕ್ಕ, ಅಂದಳು. ಕೆಂಪು ಪರದೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದೆ. ಮಗುವಿನ ಮುಷ್ಟಿಯಲ್ಲಿ ಏನೋ ಇತ್ತು. ಬಿಡಿಸಲು ಹೋದರೆ ಬಿಡಲೊಲ್ಲದು. ಕೊನೆಗೆ ತಾನೇ ಬೆರಳು ತೆರೆದು ತೋರಿಸಿತು. ಮಾರುಕಟ್ಟೆಯಿಂದ ಎತ್ತಿಕೊಂಡು ಬಂದ ಒಂದು ಹಳದಿ ಗೂಡು.

"ಅದನ್ನ ಅಮ್ಮನ ಕೈಲಿ ಕೊಡು ಚಿನ್ನ, ಫೋಟೋ ತೆಗಿಯಣ."

"ಮಾತಾಡ್ಬೇಡ" ಅಂತು ಮಗು ನನಗೆ, ಮೆಲ್ಲಗೆ. "ಒಳಗೆ ಹುಳ ಮಲ್ಗೈತೆ."

ಹಾಗೇ ತೆಗೆದೆ. ಗೂಡನ್ನು ಎದೆಗೆ ಒತ್ತಿಕೊಂಡು, ನಗದೆ, ನನ್ನನ್ನೇ ಗದರಿಸುವ ಹಾಗೆ ಮಗು ನೋಡುತ್ತಿದ್ದ ಫೋಟೋ. ಒಂದೇ ಕ್ಲಿಕ್. ಇನ್ನೊಂದು ತೆಗೆಯೋಣ ಅನ್ನುವಷ್ಟರಲ್ಲಿ ಇಳಿದುಬಿಟ್ಟಿತು. ಮುಂದಿನ ಸಲ ಮಾರುಕಟ್ಟೆಗೆ ಬಂದಾಗ ತಗೊಂಡು ಹೋಗ್ತೀನಿ ಅಂತ ತಾಯಿ ಹೇಳಿ ಹೋದಳು. ನನ್ನ ನಿಯಮದ ಪ್ರಕಾರ ನಾನು ಪ್ರಿಂಟ್ ಹಾಕಲಿಲ್ಲ.

ಅವಳು ಮತ್ತೆ ಬಂದಾಗ ನಾಲ್ಕೈದು ತಿಂಗಳಾಗಿತ್ತು. ಒಬ್ಬಳೇ ಬಂದಳು. ಮಗು ಎಲ್ಲಿ ಅಂತ ನಾನೇ ಕೇಳಿದೆ, ನನ್ನ ಬಾಯಿಗಿಷ್ಟು ಮಣ್ಣು ಬೀಳ. ಜ್ವರ ಬಂತು, ಮೂರನೇ ದಿನಕ್ಕೆ ಹೋಗ್ಬಿಟ್ಲು ಅಂದಳು. ಆಮೇಲೆ, "ಅವತ್ತು ತೆಗ್ದಿದ್ರಲ್ಲ, ಅದೊಂದೇ ಇರೋದು. ದೊಡ್ಡದು ಮಾಡ್ಕೊಡಿ" ಅಂದಳು.

ಕಂಪ್ಯೂಟರಿನಲ್ಲಿ ಫೋಟೋ ಸಿಕ್ಕಿತು. ದೊಡ್ಡ ಹಾಳೆ ಹಾಕಿದೆ. ಆ ದಿನ ಮಾತ್ರ ಇಂಕಿನ ಲೆಕ್ಕ ಹಾಕದೆ ಅತಿ ಒಳ್ಳೆಯ ಪ್ರಿಂಟಿಗೆ ಇಟ್ಟೆ. ಪ್ರಿಂಟರು ಅತ್ತಿಂದಿತ್ತ ಓಡಾಡುತ್ತಾ ಹಾಳೆಯನ್ನು ಬೆರಳಗಲ ಬೆರಳಗಲ ಹೊರಗೆ ಬಿಡತೊಡಗಿತು. ಮೊದಲು ಕೆಂಪು ಪರದೆ. ಆಮೇಲೆ ಎಣ್ಣೆ ಹಚ್ಚಿದ ಬೈತಲೆ. ಹಣೆ. ತಾಯಿ ಕೌಂಟರ್ ದಾಟಿ ಒಳಗೇ ಬಂದು ಪ್ರಿಂಟರಿನ ಮೇಲೆ ಬಗ್ಗಿ ನಿಂತಿದ್ದಳು. ಕಣ್ಣು ಹೊರಗೆ ಬಂದಾಗ "ಬಂದ್ಲು" ಅಂದಳು. ಗೂಡು ಹಿಡಿದ ಕೈ ಬರುವವರೆಗೆ ತಲೆ ಎತ್ತಲಿಲ್ಲ.

ಲ್ಯಾಮಿನೇಷನ್ ಮಷೀನು ಕೆಟ್ಟು ಎರಡು ವಾರವಾಗಿತ್ತು. ರಿಪೇರಿಗೆ ಕೊಟ್ಟಿರಲಿಲ್ಲ. ಫೋಟೋವನ್ನು ಒಂದು ರಟ್ಟಿಗೆ ಅಂಟಿಸಿ, ಸುತ್ತ ಪಟ್ಟಿ ಹಾಕಿ ಕೊಟ್ಟೆ. ಅವಳು ಎರಡು ಕೈಯಲ್ಲಿ ಹಿಡಿದುಕೊಂಡು, ಹೊರಡುವ ಮುಂಚೆ ಕೇಳಿದಳು.

"ಅಕ್ಕ, ನಮ್ದು ಹುಳದ ಮನೆ. ಪ್ರತಿ ಬೆಳೆಗೂ ಗೋಡೆ, ತಟ್ಟೆ, ಸಾಮಾನು ಎಲ್ಲಾನೂ ತೊಳಿತೀವಿ. ಇದನ್ನ ಒರೆಸ್ಬೋದಾ? ಗಾಜು ಹಾಕಿಸ್ಬೇಕಾ?"

ಇಷ್ಟು ನೇರವಾಗಿ ಕೇಳಿದಳು. ನೀರು ತಾಕಿಸಬೇಡಮ್ಮ ಅಂದಿದ್ದರೆ ಮುಗಿಯುತ್ತಿತ್ತು. ಪಕ್ಕದಲ್ಲಿ ಮುದ್ದೇನಹಳ್ಳಿಯ ಒಂದು ಮದುವೆ ಪಾರ್ಟಿಯವರು ಆಲ್ಬಮ್ ಮಾತಾಡಲು ಕೂತಿದ್ದರು. ನನ್ನ ಫೋಟೋ ನೀರಿಗೆ ನಿಲ್ಲಲ್ಲ ಅಂತ ಅವರ ಮುಂದೆ ಹೇಳಬೇಕಾಗುತ್ತಿತ್ತು.

"ಏನೂ ಆಗಲ್ಲಮ್ಮ. ಒರೆಸಬಹುದು" ಅಂದೆ.

ಆ ಮದುವೆಯ ಕೆಲಸ ನನಗೇ ಸಿಕ್ಕಿತು. ಎರಡು ದಿನದ ಮದುವೆ, ಸಾವಿರಾರು ಫೋಟೋ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಹೋದಾಗ "ಕೊಟ್ಟಾಯಿತು" ಫೋಲ್ಡರನ್ನು ತೆರೆದು ಕೂಡ ನೋಡದೆ ಅಳಿಸಿದೆ. ಕ್ಯಾಮೆರಾದ ಕಾರ್ಡಿನಿಂದ ಆ ಮಗು ಯಾವಾಗಲೋ ಹೋಗಿತ್ತು.

ಒಂದೂವರೆ ತಿಂಗಳ ಮೇಲೆ ಆ ತಾಯಿ ಬಂದಳು. ಕೈಯಲ್ಲಿ ರಟ್ಟು, ಇನ್ನೊಂದು ಕೈಯಲ್ಲಿ ಮಡಿಸಿದ ಹಳೇ ಸೀರೆಯ ತುಂಡು. ರಟ್ಟನ್ನು ಕೌಂಟರಿನ ಮೇಲಿಟ್ಟಳು. ಪಟ್ಟಿಯ ಅಂಚಿನಲ್ಲಿ ಸ್ವಲ್ಪ ಕೆಂಪು ಉಳಿದಿತ್ತು. ನಡುವೆ, ಮುಖ ಇರಬೇಕಾದ ಕಡೆ, ಬೂದು ಬಣ್ಣದ ಒಂದು ಕಲೆ.

ಅವಳು ನನ್ನನ್ನು ಬೈಯಲಿಲ್ಲ. ತಪ್ಪು ತನ್ನದೇ ಅನ್ನುವ ಹಾಗೆ ವಿವರಿಸಿದಳು. "ಹೊಸ ಬೆಳೆಗೆ ಚಾಕಿ ಮರಿ ಹುಳ ತರೋದಿತ್ತು, ಮನೆ ತೊಳಿತಿದ್ವಿ. ಎಲ್ಲಾದಕ್ಕೂ ಬ್ಲೀಚಿಂಗ್ ಪೌಡರ್ ನೀರು ಹಾಕ್ದೆ ಅಕ್ಕ, ಇದಕ್ಕೆ ಹಾಕ್ಲಿಲ್ಲ. ಮಗೂಗೆ ಉರಿ ಆಗ್ತದೆ ಅಂತ ಕುಡಿಯೋ ನೀರಲ್ಲೇ ಬಟ್ಟೆ ನೆನಸ್ಕೊಂಡೆ. ಮೆತ್ತಗಿರ್ಲಿ ಅಂತ ಹಳೇ ಸೀರೆ ಹರ್ಕೊಂಡೆ. ಮೊದ್ಲು ಮುಖ ಒರೆಸ್ದೆ. ಜೋರಾಗಿ ಉಜ್ಜಿಲ್ಲ, ಆಣೆ." ಆಮೇಲೆ ಆ ಸೀರೆಯ ತುಂಡಿನ ಮಡಿಕೆ ಬಿಡಿಸಿದಳು. ಕೆಂಪು, ಹಳದಿ, ಕಂದು ಒಂದಕ್ಕೊಂದು ಹರಿದು ಒಣಗಿದ್ದವು. "ಎಲ್ಲಾ ಇದಕ್ಕೆ ಬಂದ್ಬಿಡ್ತು. ಇನ್ನೊಂದು ಮಾಡ್ಕೊಡಿ."

ಇಲ್ಲ ಅಂತ ಗೊತ್ತಿದ್ದೂ ನಾನು ಕಂಪ್ಯೂಟರಿನ ಮುಂದೆ ಕೂತು ಹುಡುಕಿದೆ. ಅವಳು ನೋಡುತ್ತಿದ್ದಳಲ್ಲ, ಹುಡುಕದೆ ಹೇಗಿರಲಿ. ಒಂದೊಂದೇ ಫೋಲ್ಡರ್ ತೆಗೆದೆ. ಎಲ್ಲ ಕಡೆಯೂ ಮುದ್ದೇನಹಳ್ಳಿಯ ಮದುವೆ. ಊಟದ ಪಂಕ್ತಿಯ ಫೋಟೋ, ಎಲೆ ಮುಂದೆ ಕೂತ ಯಾರ್‍ಯಾರೋ. ಒಳಗಿನ ಕುರ್ಚಿಯಿಂದ ಅಪ್ಪ ಎಲ್ಲ ಕೇಳಿಸಿಕೊಂಡಿರಬೇಕು. ಇದಕ್ಕೆ ನೆಗೆಟಿವ್ ಇರಲ್ಲ ಅಂದದ್ದು ಮರೆತಿತ್ತೋ ಏನೋ, "ಏಮ್ಮಾ, ನೆಗೆಟಿವ್ ನಂಬರ್ ಕೇಳು. ನಾನು ತೆಗ್ದುಕೊಡ್ತೀನಿ" ಅಂದರು. ಅಪ್ಪ ಎದ್ದು, ಗೋಡೆ ತಡವಿಕೊಂಡು ಡಬ್ಬಗಳ ಹತ್ತಿರ ಹೋಗಿ ನಿಂತರು.

"ಮುಂದಿನ ವಾರ ಬಾಮ್ಮ, ಏನಾದ್ರೂ ಮಾಡ್ತೀನಿ" ಅಂತ ಅವಳನ್ನು ಕಳಿಸಿದೆ. ಮಾರನೆಯ ದಿನವೇ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿಸಿ ಟವೆಲಿನಲ್ಲಿ ಸುತ್ತಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದೆ. ಅಳಿಸಿದ್ದನ್ನು ವಾಪಸ್ ತೆಗೆದುಕೊಡುವವನೊಬ್ಬ ಅಲ್ಲಿದ್ದಾನೆ ಅಂತ ಯಾರೋ ಹೇಳಿದ್ದರು. ಅವನು ಎರಡು ದಿನ ಇಟ್ಟುಕೊಂಡು ನೋಡಿ, "ಅಳಿಸಿದ್ದಷ್ಟೇ ಆಗಿದ್ರೆ ಬರ್ತಿತ್ತು ಮೇಡಂ. ಅದೇ ಜಾಗದಲ್ಲಿ ಮತ್ತೆ ತುಂಬಿದೀರಲ್ಲ" ಅಂದ. ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಯಾವ ಊರಿನ ಬಸ್ಸು ಬಂತು, ಯಾವುದು ಹೋಯಿತು ಗೊತ್ತಾಗಲಿಲ್ಲ. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಊರಿಗೆ ಬಂದು ಬಾಟಲಿ ಇಂಕನ್ನೆಲ್ಲ ಮೋರಿಗೆ ಸುರಿದು, ಸಿರಿಂಜು ಎಸೆದೆ. ನಾಲ್ಕು ಪಟ್ಟು ಬೆಲೆಯ ಇಂಕನ್ನೇ ತರುತ್ತೇನೆ ಅಂದುಕೊಂಡೆ. ಆಮೇಲೆ ತಂದೆ ಕೂಡ. ಅದರಿಂದ ಯಾರಿಗೇನು ಬಂತು?

ಹೇಳಿದ ದಿನ ಅವಳು ಬಂದಳು. ಅವಳು ಕೂರುವ ಮೊದಲೇ ಹೇಳಿಬಿಟ್ಟೆ. ಫೋಟೋ ಇಲ್ಲ, ನಾನೇ ಅಳಿಸಿದ್ದು, ಒರೆಸಬಹುದು ಅಂತ ಹೇಳಿದ್ದೂ ಸುಳ್ಳು, ಇಂಕು ನೀರಿಗೆ ನಿಲ್ಲಲ್ಲ ಅಂತ ನನಗೆ ಗೊತ್ತಿತ್ತು. ಬೈತಾಳೆ, ಬೈಯಲಿ ಅಂತ ಕಾದೆ. ಅವಳು ಎಷ್ಟು ಅರ್ಥ ಮಾಡಿಕೊಂಡಳೋ ತಿಳಿಯದು. ಇಲ್ಲ ಅನ್ನುವುದೊಂದೇ ಅವಳಿಗೆ ಕೇಳಿಸಿದ ಹಾಗಿತ್ತು. ಸೊಂಟದಿಂದ ಆ ಬಟ್ಟೆ ತೆಗೆದು ಕೌಂಟರಿನ ಮೇಲೆ ಹರಡಿದಳು.

"ಇದು ಗೂಡು" ಅಂದಳು, ಒಂದು ಹಳದಿ ಕಲೆಯ ಮೇಲೆ ಬೆರಳಿಟ್ಟು. "ಇದು ನಂಗೆ ಗೊತ್ತಾಯ್ತು. ಮುಖ ಯಾವ್ದು ಅಂತ ಗೊತ್ತಾಗ್ತಿಲ್ಲ. ಫೋಟೋ ತೆಗ್ದೋರು ನೀವು, ನಿಮಗೆ ತಿಳೀತದೆ. ತೋರ್ಸಿ ಅಕ್ಕ."

ನಾಲ್ಕು ಬಣ್ಣದ ಪ್ರಿಂಟರಿನಲ್ಲಿ ಹಳದಿ ಎಲ್ಲ ಕಡೆಯೂ ಇರುತ್ತದೆ, ಕೆನ್ನೆಯಲ್ಲಿ, ತುಟಿಯಲ್ಲಿ, ಹಿಂದಿನ ಪರದೆಯಲ್ಲಿ ಕೂಡ. ಬಟ್ಟೆಯ ತುಂಬ ಇದ್ದ ಕೆಂಪು ಬಹುಪಾಲು ಪರದೆಯದು. ಆ ಕಲೆಗಳಲ್ಲಿ ಮುಖ ಅನ್ನುವುದು ಎಲ್ಲೂ ಇರಲಿಲ್ಲ. ಅಂಚಿನ ಹತ್ತಿರ ಸ್ವಲ್ಪ ತಿಳಿಯಾಗಿದ್ದ ಒಂದು ಕಲೆಯ ಮೇಲೆ ನಾನು ಬೆರಳಿಟ್ಟೆ.

"ಇಲ್ಲಿ" ಅಂದೆ.

"ಇದಾ?"

"ಹೂಂ, ಇದೇ."

ಅವಳು ಬಗ್ಗಿ ನೋಡಿದಳು. ನನ್ನ ಬೆರಳನ್ನು ಅಲ್ಲಿಂದ ತೆಗೆಯಲು ಬಿಡಲಿಲ್ಲ. ಮತ್ತೆ ಜಾಗ ತಪ್ಪಿಹೋಗಬಾರದು ಅಂತ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ನನ್ನ ಬೆರಳಿನ ಪಕ್ಕದಲ್ಲೇ ಬಟ್ಟೆಗೆ ಹಾಕಿಕೊಂಡಳು.